ಕಂಸದೊಳಗಿನ ಮಾತು

ಬೆಳಿಗ್ಗೆ ಹತ್ತಕ್ಕೆ, ಜಿನೀವಾದ ಕಿಟಕಿಯಿಲ್ಲದ ಕೋಣೆಯಲ್ಲಿ
ಬುರುಲ್ಚಾ ಮೊದಲ ಸಲ 'ನಾನು' ಅಂದಳು.

ಅದು ಅವಳ ನಾನು ಅಲ್ಲ,
ನರಿನ್ ಬೆಟ್ಟದ ಕಡೆಯಿಂದ ಬಂದ ಸಯ್ರಗುಲ್‌ಳದು.
ದುಭಾಷಿಗಳಿಗೆ ಇದೊಂದು ಕಟ್ಟಳೆ,
'ಅವಳು ಹೇಳುತ್ತಾಳೆ' ಎನ್ನಕೂಡದು.
ಬಾಯಿ ಬಾಡಿಗೆಗೆ ಕೊಟ್ಟ ಮೇಲೆ
ಯಾರು ಬಂದು ಕೂತರೂ ಮನೆ ಅವರದೇ.

ನಾನು ಕುರಿಹಟ್ಟಿಗೆ ಹೋಗಿದ್ದೆ.
ನಾನು ಬರುವುದು ಹತ್ತು ನಿಮಿಷ ತಡವಾಯಿತು.
ನನ್ನ ಗಂಡ ಒಲೆಯ ಮುಚ್ಚಳ ಕಾಯಿಸಿಟ್ಟಿದ್ದ.
ನಾನು ಠಾಣೆಗೆ ಹೋದೆ. ಚಹಾ ಕೊಟ್ಟರು.
ಆಮೇಲೆ ಅವನಿಗೇ ಫೋನ್ ಮಾಡಿದರು,
ಬಂದು ಕರಕೊಂಡು ಹೋಗು ಅಂತ.

ಕಿರ್ಗಿಜ್ ಮಾತಿನಲ್ಲೂ ನಮ್ಮ ಹಾಗೆಯೇ
ಕ್ರಿಯಾಪದ ಕಟ್ಟಕಡೆಗೆ ಬರುತ್ತದೆ.
ಗಂಡ, ಬಾಗಿಲು, ಕೈ, ಮುಚ್ಚಳ
ಎಲ್ಲ ಬಂದು ಸಾಲಾಗಿ ನಿಂತಿರುತ್ತವೆ
ಏನಾಯಿತೆಂದು ಮಾತ್ರ ಗೊತ್ತಾಗುವುದಿಲ್ಲ.
ಕಾಯಬೇಕು.
ಗಾಜಿನ ಗೂಡಿನಲ್ಲಿ ಬುರುಲ್ಚಾ ಕಾದಳು,
ನೀರಿನ ಲೋಟ ಮುಟ್ಟದೆ,
ವಾಕ್ಯದ ಬಾಲ ಬರುವ ತನಕ.
ಬಂತು.
ಅದನ್ನು ಅವಳು ರಷ್ಯನ್ನಿಗೆ ದಾಟಿಸಿದಳು,
ಬಿಸಿ ಪಾತ್ರೆಯನ್ನು ಬರಿಗೈಯಲ್ಲಿ ಇಳಿಸಿದ ಹಾಗೆ.

*

ಕರಡಿನ ಹದಿನೇಳನೆಯ ಪರಿಚ್ಛೇದದಲ್ಲಿ
'ಮದುವೆಯ ಒಳಗೂ' ಎಂಬ ಎರಡು ಮಾತಿನ ಸುತ್ತ
ಚೌಕದ ಕಂಸ.
ಇನ್ನೂ ಒಪ್ಪಿಗೆಯಾಗಿಲ್ಲ ಎಂಬ ಗುರುತು.

ಈ ಗುರುತಿಗೆ ನಮ್ಮಲ್ಲಿ ಆ ಹೆಸರಿಟ್ಟ
ಪುಣ್ಯಾತ್ಮ ಯಾರೋ ಏನೋ.
ಆಚೆಗೊಂದು ಗೋಡೆ, ಈಚೆಗೊಂದು ಗೋಡೆ,
ನಡುವೆ ದೇವಕಿ.
ಕಾವಲಿಗೆ ಹೊರಗಿನವನಲ್ಲ, ಅಣ್ಣ.

*

ರಾತ್ರಿ ಎರಡೂವರೆ.
ಲಿಫ್ಟಿನ ಪಕ್ಕದ ಯಂತ್ರದಲ್ಲಿ ಕಾಫಿ ಮುಗಿದು
ಗುಂಡಿ ಒತ್ತಿದರೆ ಬರೀ ಬಿಸಿನೀರು.
ಇದ್ದವರೆಲ್ಲ ಶೂ ಸಡಿಲಿಸಿಕೊಂಡಿದ್ದಾರೆ.
ಕಂದು ಕೋಟಿನ ಪ್ರತಿನಿಧಿಯೊಬ್ಬರು ಮೈಕ್ ಒತ್ತಿದರು;
ಒಳ್ಳೆಯ ಮನುಷ್ಯ, ಊಟದ ಸಾಲಿನಲ್ಲಿ
ಎಲ್ಲರಿಗೂ ಮೊದಲು ದಾರಿ ಬಿಟ್ಟವರು.
ಬುರುಲ್ಚಾಳ ಬಾಯಿ ಹೇಳಿತು,

ನಾನು ಒಪ್ಪುವುದಿಲ್ಲ.
ನನ್ನ ಜನರ ಮನೆಬಾಗಿಲು
ಈ ಸಭೆಯ ಕಡೆಗೆ ತೆರೆಯುವುದಿಲ್ಲ.
ನಾನು ಕೋರುತ್ತೇನೆ, ಕಂಸ ಇರಲಿ.

ದನಿ ನಡುಗಲಿಲ್ಲ. ನಡುಗಕೂಡದು, ಅದೇ ಸಂಬಳ.
ನಡುಕವನ್ನೆಲ್ಲ ಅವಳು
ಎಡಗಾಲಿನ ಕಿರುಬೆರಳಿಗೆ ತಳ್ಳಿದಳು.

ಮೇಲಿನ ಸಾಲಿನಲ್ಲಿ ಕೂತ ಸಯ್ರಗುಲ್
ಕಿವಿಯ ಗುಬುಟನ್ನು ತೆಗೆದು ಅಂಗೈಯಲ್ಲಿಟ್ಟು ನೋಡಿದಳು,
ಹುಳುಕು ಕಾಳನ್ನು ನೋಡುವಂತೆ.
ಬೆಳಿಗ್ಗೆ ಠಾಣೆಯ ಚಹಾದ ಕತೆ ಹೇಳಿದ್ದೂ
ಇದೇ ದನಿ.
ಒರೆಸಿ, ಮತ್ತೆ ಕಿವಿಗಿಟ್ಟುಕೊಂಡಳು.

*

ನಾಲ್ಕು ನಲವತ್ತಕ್ಕೆ ಇತ್ಯರ್ಥ.
'ಮದುವೆಯ ಒಳಗೂ' ತೆಗೆದು
'ಎಲ್ಲೆಲ್ಲಿಯೂ' ಎಂದು ಬರೆದರು.
ಕಂಸ ಹೋಯಿತು, ಒಳಗಿದ್ದ ಕೂಸೂ ಹೋಯಿತು.
ಯಾರೋ ಚಪ್ಪಾಳೆ ತಟ್ಟಿದರು. ಅದೂ ಸುಳ್ಳಲ್ಲ,
ಹನ್ನೊಂದು ವರ್ಷದಿಂದ ಆ ಸಾಲಿಗಾಗಿ
ಊರೂರು ತಿರುಗಿ ಸಹಿ ಕೂಡಿಸಿದವಳು
ಮೇಜಿಗೆ ಹಣೆ ಹಚ್ಚಿ ಅಲ್ಲೇ ನಿದ್ದೆಹೋಗಿದ್ದಳು.

ಮೊದಲ ಟ್ರಾಮ್ ಬರುವುದು ಇನ್ನೂ ತಡ.
ತಂಗುದಾಣದ ಕಬ್ಬಿಣದ ಬೆಂಚಿನಲ್ಲಿ
ಒಂದೇ ಶಾಲು, ಇಬ್ಬರ ಮಂಡಿಗೂ.

'ಆ ಎಲ್ಲೆಲ್ಲಿಯೂ ಅನ್ನೋದರೊಳಗೆ
ನಮ್ಮ ಒಲೆ ಬರುತ್ತದಾ?'
ಕೇಳಿದಳು ಸಯ್ರಗುಲ್.

ಮೇಲೆತ್ತಿದ ಕೈಯಿಂದ ಜಾರಿ
ಆಕಾಶದಲ್ಲಿ ನಿಂತು ಮಾತಾಡಿದ್ದು
ಎಂಟನೆಯದು, ಹೆಣ್ಣು.
ಅದು ಕತೆ. ಇಲ್ಲಿ ಆಕಾಶದಲ್ಲಿ
ಒಂದು ಸರಕು ವಿಮಾನ, ಕೆಂಪು ದೀಪ.

ಬುರುಲ್ಚಾ ಬಾಯಿ ತೆರೆದಳು.
ಇಡೀ ದಿನದಲ್ಲಿ ಮೊದಲ ಸಲ
ಯಾರದೂ ಅಲ್ಲದ, ತನ್ನದೇ ಭಾಷೆಯಲ್ಲಿ
'ನಾನು' ಅಂದಳು.
'ನಾನು, ಆ ಸಾಲನ್ನು, ನಿನ್ನ ಠಾಣೆಯವರಿಗೆ, ನಾನೇ...'

ಕ್ರಿಯಾಪದಕ್ಕಾಗಿ
ಇಬ್ಬರೂ ಕಾದರು.